ಹೆಸರಿಗೊಂದು ಲೇಖನ ಸಾಕೇ?

ನಮ್ಮ ಕೊಂಡಾಪುರದ ಕನ್ನಡ ಮನೆಗಳಲ್ಲಿ ಹಿಂದೆ ಮಕ್ಕಳನ್ನು ಕೇಳುತ್ತಿದ್ದ ಪ್ರಶ್ನೆ 'ಎಷ್ಟು ಮಾರ್ಕ್ಸ್ ಬಂತು?' ಎಂಬುದೊಂದೇ. ಮೆಡಿಕಲ್ ಓದುವ ಮಕ್ಕಳಿರುವ ಮನೆಗಳಲ್ಲಿ ಈಗ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ: 'ಎಷ್ಟು ಪೇಪರ್ ಪಬ್ಲಿಶ್ ಆಯಿತು?' ಅಮೆರಿಕಕ್ಕೆ ಹೋಗಬಯಸುವ ವೈದ್ಯರು ಬರೆಯುವ ಪರೀಕ್ಷೆಯ ಮೊದಲ ಹಂತದಲ್ಲಿ 2022ರಿಂದ ಅಂಕಗಳಿಲ್ಲ, ಪಾಸು ಅಥವಾ ಫೇಲು ಅಷ್ಟೇ. ಅಂಕದ ತೂಕ ಇಳಿದ ಮೇಲೆ ಸಂಶೋಧನಾ ಲೇಖನದ ತೂಕ ಏರಿತು.

ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ಗೃಹಿಣಿಗೆ ಈ ಉಸಾಬರಿ ಏಕೆಂದು ನೀವು ಕೇಳಬಹುದು. ನೆರೆಹೊರೆಯ ಮಕ್ಕಳು 'ಆಂಟಿ, ಸ್ವಲ್ಪ ಇಂಗ್ಲಿಷ್ ತಿದ್ದಿಕೊಡಿ' ಎಂದು ತಮ್ಮ ಕರಡುಗಳನ್ನು ತರುತ್ತಾರೆ. ಹಾಗೆ ಓದುತ್ತಾ ಓದುತ್ತಾ ಮನಸ್ಸಿಗೆ ಬಂದ ಕೆಲವು ಮಾತುಗಳನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ನಮ್ಮ ದೇಶದ ಸ್ಥಿತಿ ನೋಡೋಣ. ಡಾ. ಸಮೀರನ್ ನಂದಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು 2005ರಿಂದ 2014ರವರೆಗೆ ಭಾರತದ 579 ವೈದ್ಯಕೀಯ ಸಂಸ್ಥೆಗಳಿಂದ ಬಂದ ಲೇಖನಗಳನ್ನು ಲೆಕ್ಕ ಹಾಕಿತು. ಕೇವಲ 25 ಸಂಸ್ಥೆಗಳಿಂದಲೇ ಸುಮಾರು ಶೇಕಡಾ 40ರಷ್ಟು ಲೇಖನಗಳು ಬಂದಿದ್ದವು. ಆ ಹತ್ತು ವರ್ಷಗಳಲ್ಲಿ ಒಂದೇ ಒಂದು ಲೇಖನವನ್ನೂ ಪ್ರಕಟಿಸದ ಕಾಲೇಜುಗಳು 332! ಖಾಸಗಿ ಕಾಲೇಜುಗಳು ಹೆಚ್ಚಿರುವ ರಾಜ್ಯಗಳ ಸ್ಥಿತಿ ಶೋಚನೀಯವೆಂದ ಈ ಅಧ್ಯಯನ ನಮ್ಮ ಕರ್ನಾಟಕವನ್ನೂ ಹೆಸರಿಸಿತ್ತು.

ಹಾಗೆಂದು ನಮ್ಮ ವಿದ್ಯಾರ್ಥಿಗಳಿಗೆ ಬುದ್ಧಿ ಕಡಿಮೆಯೇ? ಖಂಡಿತ ಇಲ್ಲ. ಅಧ್ಯಾಪಕರಿಗೆ ರೋಗಿಗಳ ಸಾಲು ಕರಗಿಸುವುದರಲ್ಲೇ ದಿನ ಮುಗಿಯುತ್ತದೆ. ಪ್ರಶ್ನೆ ಕೇಳುವುದನ್ನು ಕಲಿಸುವವರು ವಿರಳ. ಎಷ್ಟೋ ವಿದೇಶಿ ಪತ್ರಿಕೆಗಳು ಪ್ರಕಟಣೆಗೆ ಕೇಳುವ ಶುಲ್ಕ ಲಕ್ಷ ರೂಪಾಯಿ ದಾಟುತ್ತದೆ. ಆದರೆ ಇದರ ನಷ್ಟ ಕಾಲೇಜಿಗಷ್ಟೇ ಅಲ್ಲ. ನಮ್ಮ ಊರಿನ ಕಾಯಿಲೆಯನ್ನು ನಾವು ಬರೆಯದಿದ್ದರೆ, ಬೇರೆ ದೇಶದ ರೋಗಿಗಳನ್ನು ನೋಡಿ ಬರೆದ ಪುಸ್ತಕದಂತೆಯೇ ನಮ್ಮ ರೋಗಿಗೂ ಚಿಕಿತ್ಸೆ ನಡೆಯುತ್ತದೆ.

ನೀವು ಹುಟ್ಟಿ ಬೆಳೆದ ಈ ಹೈದರಾಬಾದಿನಲ್ಲೇ ಇದಕ್ಕೊಂದು ಹಳೆಯ ನಿದರ್ಶನವಿದೆ. ಇಂದಿನ ಉಸ್ಮಾನಿಯಾ ಮೆಡಿಕಲ್ ಕಾಲೇಜಿನ ಮೂಲವಾದ ಹೈದರಾಬಾದ್ ಮೆಡಿಕಲ್ ಸ್ಕೂಲ್ 1846ರಲ್ಲಿ ಆರಂಭವಾಯಿತು. ಅದರ ಪ್ರಿನ್ಸಿಪಾಲರಾಗಿದ್ದ ಎಡ್ವರ್ಡ್ ಲಾರಿ, ಶಸ್ತ್ರಚಿಕಿತ್ಸೆಯಲ್ಲಿ ಕ್ಲೋರೋಫಾರ್ಮ್ ಕೊಟ್ಟಾಗ ರೋಗಿ ಸಾಯುವುದು ಹೃದಯ ನಿಂತೋ, ಉಸಿರು ನಿಂತೋ ಎಂಬ ಪ್ರಶ್ನೆಯನ್ನು ಎತ್ತಿಕೊಂಡರು. 1888ರಲ್ಲಿ ಮೊದಲ ಕ್ಲೋರೋಫಾರ್ಮ್ ಆಯೋಗ ಕೆಲಸ ಮಾಡಿತು. ಅದರ ಫಲಿತಾಂಶವನ್ನು ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಒಪ್ಪಲಿಲ್ಲ. ಆಗ ನಿಜಾಮರು ಸಾವಿರ ಪೌಂಡು ಕೊಟ್ಟು, ಆ ಪತ್ರಿಕೆಯ ತಜ್ಞರಾದ ಲಾಡರ್ ಬ್ರಂಟನ್ ಅವರನ್ನೇ 1889ರಲ್ಲಿ ಇಲ್ಲಿಗೆ ಕರೆಸಿಕೊಂಡರು. ನಾಯಿ, ಮಂಗ ಮುಂತಾದ ಪ್ರಾಣಿಗಳ ಮೇಲೆ ನೂರಾರು ಪ್ರಯೋಗಗಳು ನಡೆದವು. 'ಮೊದಲು ನಿಲ್ಲುವುದು ಉಸಿರು. ಆದ್ದರಿಂದ ಉಸಿರಿನ ಮೇಲೆ ಕಣ್ಣಿಡಿ' ಎಂಬ ತೀರ್ಮಾನ 1890ರಲ್ಲಿ ಲ್ಯಾನ್ಸೆಟ್‌ನಲ್ಲೇ ಪ್ರಕಟವಾಯಿತು. ಅದೇ ಶಾಲೆಗೆ 1885ರಲ್ಲಿ ಸೇರಿದ ಮೊದಲ ವಿದ್ಯಾರ್ಥಿನಿಯರಲ್ಲೊಬ್ಬರಾದ ರೂಪಾ ಬಾಯಿ ಫರ್ದೂನ್‌ಜಿ 1889ರಲ್ಲಿ ಪದವಿ ಪಡೆದರು. ಲೋಕದ ಮೊದಲ ಮಹಿಳಾ ಅರಿವಳಿಕೆ ವೈದ್ಯರಲ್ಲಿ ಅವರ ಹೆಸರು ಬರುತ್ತದೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಕ್ಲೋರೋಫಾರ್ಮಿನಿಂದ ಹೃದಯವೂ ಹಠಾತ್ತನೆ ಕಂಪಿಸಿ ನಿಲ್ಲಬಲ್ಲದೆಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿದರು. ಅಂದರೆ ಹೈದರಾಬಾದಿನ ತೀರ್ಮಾನ ಪೂರ್ತಿ ಸರಿಯಾಗಿರಲಿಲ್ಲ. ಹಾಗಾದರೆ ಆ ಶ್ರಮ ವ್ಯರ್ಥವೇ? ಅಲ್ಲ. ಏನು ಮಾಡಿದೆವು, ಹೇಗೆ ಮಾಡಿದೆವು ಎಂದು ಬಿಚ್ಚಿಟ್ಟಿದ್ದರಿಂದಲೇ ಮುಂದಿನವರಿಗೆ ಅದನ್ನು ಪರೀಕ್ಷಿಸಿ ತಿದ್ದಲು ಸಾಧ್ಯವಾಯಿತು. ಪ್ರಕಟಣೆಯ ನಿಜವಾದ ಅರ್ಥ ಇದೇ. ಅದು ಬಿರುದಲ್ಲ, 'ನಾನು ಕಂಡದ್ದು ಇದು, ನೀವೂ ನೋಡಿ' ಎಂಬ ಆಹ್ವಾನ.

ಬರೀ ವಿದ್ಯಾರ್ಥಿಯಿಂದ ಏನಾದೀತು ಎನ್ನುವವರು ಪೆರು ದೇಶದ ಡೇನಿಯಲ್ ಕ್ಯಾರಿಯೋನ್‌ನನ್ನು ನೆನೆಯಬೇಕು. ಅಲ್ಲಿನ ಬೆಟ್ಟಗಾಡಿನ ಚರ್ಮದ ಗಂಟಿನ ರೋಗವನ್ನು ಅರಿಯಲು ಈ ವೈದ್ಯ ವಿದ್ಯಾರ್ಥಿ 1885ರ ಆಗಸ್ಟ್‌ನಲ್ಲಿ ರೋಗಿಯ ಗಂಟಿನ ರಕ್ತವನ್ನು ತನಗೇ ಚುಚ್ಚಿಸಿಕೊಂಡ. ಆತನಿಗೆ ಬಂದದ್ದು ಬೇರೆಯದೆಂದು ಕೆಲವರು ತಿಳಿದಿದ್ದ ಮಾರಕ ಜ್ವರ. ಎರಡೂ ಒಂದೇ ರೋಗವೆಂದು ಹೀಗೆ ಗೊತ್ತಾಯಿತು. ಕೈಲಾಗುವವರೆಗೆ ತಾನೇ ಟಿಪ್ಪಣಿ ಬರೆದು, ಅಕ್ಟೋಬರ್ 5ರಂದು ತೀರಿಕೊಂಡ. ಆ ಟಿಪ್ಪಣಿಗಳನ್ನು ಮರುವರ್ಷ ಪ್ರಕಟಿಸಿದವರು ಸಹಪಾಠಿಗಳು. ಆತನ ಸಾಹಸ ಯಾರೂ ಅನುಸರಿಸತಕ್ಕದ್ದಲ್ಲ. ಇಂದಿನ ನೀತಿ ಸಮಿತಿಗಳು ಅದಕ್ಕೆ ಒಪ್ಪುವುದೂ ಇಲ್ಲ. ಆದರೆ ಆ ಪ್ರಾಮಾಣಿಕತೆ?

ಇದರ ಪಕ್ಕದಲ್ಲಿ ಇಂದಿನ ಸಂತೆಯನ್ನಿಟ್ಟು ನೋಡಿ. ಹಣ ಕಟ್ಟಿದರೆ ಎರಡನೆಯ ಲೇಖಕರಾಗಿ ಹೆಸರು ಹಾಕಿಸುವುದಾಗಿ ಒಬ್ಬ ಹುಡುಗನಿಗೆ ಬಂದ ಸಂದೇಶವನ್ನು ನಾನೇ ಓದಿದ್ದೇನೆ. ವಾರದೊಳಗೆ ಅಚ್ಚು ಹಾಕುವ, ಯಾರೂ ಪರಿಶೀಲಿಸದ ಪತ್ರಿಕೆಗಳಿಗೂ ಕೊರತೆಯಿಲ್ಲ. ಅಂಥ ಲೇಖನದಲ್ಲಿರುವ ಸುಳ್ಳು ಅಂಕಿಯನ್ನು ನಂಬಿ ನಾಳೆ ಯಾವುದೋ ಊರಿನ ವೈದ್ಯರು ಔಷಧಿ ಬರೆದುಕೊಟ್ಟರೆ ನೋವುಣ್ಣುವವರು ಯಾರು?

ದಾರಿ ಇಲ್ಲದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗಾಗಿಯೇ 1979ರಲ್ಲಿ ಎರಡು ತಿಂಗಳ ಅಲ್ಪಾವಧಿ ಸಂಶೋಧನಾ ಯೋಜನೆ ಆರಂಭಿಸಿತು. ಸಣ್ಣ ಪ್ರಶ್ನೆ, ಒಬ್ಬ ಗುರು, ನೀತಿ ಸಮಿತಿಯ ಒಪ್ಪಿಗೆ, ಪ್ರಾಮಾಣಿಕ ಲೆಕ್ಕ: ಇಷ್ಟಿದ್ದರೆ ಆರಂಭಕ್ಕೆ ಸಾಕು. ಸಕ್ಕರೆ ಕಾಯಿಲೆಯವರು ಮಾತ್ರೆಯನ್ನು ನಡುವೆ ಏಕೆ ಬಿಡುತ್ತಾರೆ ಎಂಬುದೂ ಒಂದು ಒಳ್ಳೆಯ ಪ್ರಶ್ನೆಯೇ.

ಇಲ್ಲಿ ನಿಮಗೊಂದು ವಿಶೇಷ ಅನುಕೂಲವಿದೆ, ಮಕ್ಕಳೇ. ರಾಯಚೂರು, ಬೀದರ್, ಯಾದಗಿರಿ ಕಡೆಯಿಂದ ಚಿಕಿತ್ಸೆಗೆಂದು ಹೈದರಾಬಾದಿಗೆ ಬರುವವರು ಬಹಳ ಮಂದಿ. ಅಧ್ಯಯನಕ್ಕೆ ಸೇರಿಸಿಕೊಳ್ಳುವ ಮೊದಲು ರೋಗಿಗೆ ತಿಳಿಯುವ ಭಾಷೆಯಲ್ಲೇ ವಿವರಿಸಿ ಒಪ್ಪಿಗೆ ಪಡೆಯಬೇಕೆಂಬುದು ನಿಯಮ. 'ಅಜ್ಜೀ, ಗುಳಿಗಿ ಯಾಕ ಬಿಟ್ರಿ?' ಎಂದು ಅವರ ಮಾತಿನಲ್ಲೇ ಕೇಳಿದರೆ ಅಜ್ಜಿ ನಿಜವಾದ ಕಾರಣ ಹೇಳುತ್ತಾರೆ. ಮನೆಯಲ್ಲಿ ಅಪ್ಪ ಅಮ್ಮ ಹಟ ಹಿಡಿದು ಕಲಿಸಿದ ಕನ್ನಡ ಅಲ್ಲಿ ಸಂಶೋಧನೆಯ ಉಪಕರಣವಾಗುತ್ತದೆ.

ಲೇಖನ ಒಂದೇ ಆಗಲಿ, ಚಿಕ್ಕದೇ ಆಗಲಿ. ಅದರಲ್ಲಿನ ಪ್ರತಿ ಅಂಕಿಗೂ ನೀವು ಜವಾಬು ಕೊಡುವಂತಿರಲಿ. ಆಗ ನಿಮ್ಮ ಹೆಸರೂ ಉಳಿಯುತ್ತದೆ, ರೋಗಿಯ ನಂಬಿಕೆಯೂ ಉಳಿಯುತ್ತದೆ.