ಮನೆಯ ಪ್ರಯೋಗಾಲಯ ಉಪಕರಣಗಳ ವಿದ್ಯುತ್ ರಕ್ಷಣೆ

ಮನೆಯ ಪ್ರಯೋಗಾಲಯ ಉಪಕರಣಗಳ ವಿದ್ಯುತ್ ರಕ್ಷಣೆ ಎಂದರೆ ಸರಬರಾಜು ಮಾರ್ಗದಲ್ಲಿ ಉಂಟಾಗುವ ಏರುಪೇರುಗಳಿಂದ ಕಂಪ್ಯೂಟರ್, ಆಸಿಲೋಸ್ಕೋಪ್, ಹವ್ಯಾಸಿ ರೇಡಿಯೋ ಮೊದಲಾದ ಸೂಕ್ಷ್ಮ ಸಾಧನಗಳು ಕೆಡದಂತೆ ಕೈಗೊಳ್ಳುವ ಕ್ರಮಗಳು. ಭಾರತದಲ್ಲಿ ಮನೆಗಳಿಗೆ 230 ವೋಲ್ಟ್, 50 ಹರ್ಟ್ಸ್‌ನ ವಿದ್ಯುತ್ತನ್ನು ಒದಗಿಸಲಾಗುತ್ತದೆ. ಏರುಪೇರುಗಳು ಹಲವು ಬಗೆಯವಾದ್ದರಿಂದ ಯಾವುದೇ ಒಂದು ಸಾಧನವು ಎಲ್ಲಕ್ಕೂ ಪರಿಹಾರವಾಗುವುದಿಲ್ಲ.

ಪ್ರಾದೇಶಿಕ ಹಿನ್ನೆಲೆ

ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳಿಗೆ ಮಂಗಳೂರು ವಿದ್ಯುತ್ ಸರಬರಾಜು ಕಂಪನಿಯು (ಮೆಸ್ಕಾಂ) ವಿದ್ಯುತ್ ವಿತರಿಸುತ್ತದೆ. ಇಲ್ಲಿನ ಮನೆಗಳು ಅಡಿಕೆ ಹಾಗೂ ಕಾಫಿ ತೋಟಗಳ ನಡುವೆ ದೂರದೂರಕ್ಕೆ ಚದುರಿವೆ. ತಂತಿಗಳು ಮರಗಳ ನಡುವೆ ಬಹುದೂರ ಸಾಗುವುದರಿಂದ ಮಳೆಗಾಲದ ಗಾಳಿಗೆ ಕೊಂಬೆ ಬಿದ್ದು ತಂತಿ ಹರಿಯುವುದು, ತಂತಿಗೆ ತಂತಿ ತಗಲುವುದು ಸಾಮಾನ್ಯ. ಗುಡುಗು ಸಿಡಿಲುಗಳ ಆರ್ಭಟ ಮುಖ್ಯವಾಗಿ ಮುಂಗಾರಿಗೆ ಮುಂಚಿನ ಏಪ್ರಿಲ್–ಮೇ ತಿಂಗಳುಗಳಲ್ಲಿಯೂ ಅದು ಹಿಂದೆ ಸರಿಯುವ ಅಕ್ಟೋಬರ್‌ನಲ್ಲಿಯೂ ಕಂಡುಬರುತ್ತದೆ.

ಏರುಪೇರುಗಳ ಬಗೆಗಳು

ವೋಲ್ಟೇಜ್ ಕುಸಿತ: ಪರಿವರ್ತಕದಿಂದ (ಟ್ರಾನ್ಸ್‌ಫಾರ್ಮರ್) ದೂರವಿರುವ ಮನೆಗಳಲ್ಲಿ, ವಿಶೇಷವಾಗಿ ನೀರಾವರಿ ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ಕಂಡುಬರುತ್ತದೆ.

ಕ್ಷಣಿಕ ಉಬ್ಬರ: ಸಿಡಿಲಿನಿಂದ ಅಥವಾ ಮಾರ್ಗವನ್ನು ಜೋಡಿಸಿ ಕಡಿದಾಗ ಉಂಟಾಗುವ, ಸೆಕೆಂಡಿನ ಅತ್ಯಲ್ಪ ಭಾಗದಷ್ಟು ಮಾತ್ರ ಇರುವ ಭಾರಿ ಏರಿಕೆ. ಇದನ್ನು ಸರ್ಜ್ ಎನ್ನುತ್ತಾರೆ. ಸಿಡಿಲು ನೇರವಾಗಿ ಹೊಡೆಯದೆ ಸಮೀಪದಲ್ಲಿ ಬಿದ್ದರೂ ತಂತಿಯಲ್ಲಿ ಉಬ್ಬರ ಪ್ರೇರಿತವಾಗುತ್ತದೆ.

ನ್ಯೂಟ್ರಲ್ ಕಡಿತ: ಮೂರು ಫೇಸಿನ ಮಾರ್ಗದಲ್ಲಿ ನ್ಯೂಟ್ರಲ್ ತಂತಿ ಹರಿದಾಗ ಕಡಿಮೆ ಬಳಕೆಯಿರುವ ಮನೆಗಳಲ್ಲಿ ವೋಲ್ಟೇಜ್ 400ರ ಸಮೀಪಕ್ಕೆ ಏರಬಹುದು. ಇದು ಕ್ಷಣಿಕವಲ್ಲ, ದುರಸ್ತಿಯಾಗುವವರೆಗೂ ಮುಂದುವರಿಯಬಹುದು.

ರಕ್ಷಣಾ ಸಾಧನಗಳು

ಸ್ಟೆಬಿಲೈಸರ್ ವೋಲ್ಟೇಜಿನ ನಿಧಾನವಾದ ಏರಿಳಿತಗಳನ್ನು ಸರಿಪಡಿಸುತ್ತದೆ. ಕ್ಷಣಿಕ ಉಬ್ಬರವನ್ನು ತಡೆಯುವಷ್ಟು ವೇಗ ಅದಕ್ಕಿಲ್ಲ. ಆ ಕಾರ್ಯ ಸರ್ಜ್ ಪ್ರೊಟೆಕ್ಟರಿನದು. ಅದರೊಳಗಿನ ಲೋಹದ ಆಕ್ಸೈಡಿನ ವ್ಯಾರಿಸ್ಟರ್ ಎಂಬ ಬಿಡಿಭಾಗವು ವೋಲ್ಟೇಜ್ ಮಿತಿಮೀರಿದೊಡನೆ ವಾಹಕವಾಗಿ ಉಬ್ಬರವನ್ನು ಬದಿಗೆ ಹರಿಸುತ್ತದೆ. ಪ್ರತಿ ಉಬ್ಬರದಿಂದಲೂ ವ್ಯಾರಿಸ್ಟರ್ ಸವೆಯುವುದರಿಂದ ಅದನ್ನು ಕಾಲಕಾಲಕ್ಕೆ ಬದಲಾಯಿಸಬೇಕು. ನ್ಯೂಟ್ರಲ್ ಕಡಿದು ಹೆಚ್ಚಿನ ವೋಲ್ಟೇಜ್ ನಿಮಿಷಗಟ್ಟಲೆ ನಿಂತರೆ ವ್ಯಾರಿಸ್ಟರ್ ತಾನೇ ಕಾದು ಸುಟ್ಟುಹೋಗಬಹುದು. ಆದುದರಿಂದ ವೋಲ್ಟೇಜ್ ಮಿತಿ ಮೀರಿದಾಗ ಇಡೀ ಮನೆಯ ಸಂಪರ್ಕವನ್ನು ಕಡಿಯುವ ಸ್ವಯಂಚಾಲಿತ ಸಾಧನವನ್ನು ಮೀಟರಿನ ನಂತರ ಅಳವಡಿಸುವುದು ಅಗತ್ಯ.

ಯುಪಿಎಸ್‌ಗಳಲ್ಲಿ ಆಫ್‌ಲೈನ್ ಮಾದರಿಯು ವಿದ್ಯುತ್ ಇರುವಾಗ ಅದನ್ನು ಬಹುತೇಕ ಹಾಗೆಯೇ ಉಪಕರಣಕ್ಕೆ ಕಳುಹಿಸಿ, ಹೋದಾಗ ಕೆಲವು ಮಿಲಿಸೆಕೆಂಡುಗಳಲ್ಲಿ ಬ್ಯಾಟರಿಗೆ ಬದಲಾಗುತ್ತದೆ. ಆನ್‌ಲೈನ್ ಮಾದರಿಯು ಬಂದ ವಿದ್ಯುತ್ತನ್ನು ಏಕಮುಖ ಪ್ರವಾಹವಾಗಿಸಿ ಮತ್ತೆ ಪರ್ಯಾಯ ಪ್ರವಾಹವಾಗಿ ಕೊಡುವುದರಿಂದ ಅಳತೆಯ ಸಾಧನಗಳಿಗೆ ಹೆಚ್ಚು ಸೂಕ್ತ.

ಭೂಸಂಪರ್ಕ

ಸರ್ಜ್ ಪ್ರೊಟೆಕ್ಟರ್ ಸರಿಯಾಗಿ ಕೆಲಸ ಮಾಡಲು ಉತ್ತಮ ಭೂಸಂಪರ್ಕ (ಅರ್ಥಿಂಗ್) ಇರಬೇಕು. ಒಣಗಿದ ಮಣ್ಣಿನ ವಿದ್ಯುತ್ ರೋಧ ಹಸಿ ಮಣ್ಣಿನದಕ್ಕಿಂತ ಹೆಚ್ಚು. ಮಲೆನಾಡಿನಲ್ಲಿ ಸಿಡಿಲಿನ ಕಾಲ ಆರಂಭವಾಗುವುದು ಬೇಸಗೆಯ ಕೊನೆಗೆ, ನೆಲ ಚೆನ್ನಾಗಿ ಒಣಗಿರುವಾಗ. ಅಂದರೆ ರಕ್ಷಣೆ ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಭೂಸಂಪರ್ಕ ದುರ್ಬಲವಾಗಿರುತ್ತದೆ. ಹೀಗಾಗಿ ಮಳೆಗಾಲದಲ್ಲಿ ಮಾಡಿದ ಪರೀಕ್ಷೆ ಸಾಲದು. ಮಾರ್ಚ್‌ನಲ್ಲಿ ರೋಧವನ್ನು ಅಳೆದು, ಅಗತ್ಯವಿದ್ದರೆ ಗುಂಡಿಗೆ ನೀರು ಹಾಕಬೇಕು ಅಥವಾ ಇನ್ನೊಂದು ಸರಳನ್ನು ಹೂಳಬೇಕು.

ಪ್ರಯೋಗಾಲಯಕ್ಕೆ ಬೇರೆಯೇ ಸರಳು ಹೂತು ಅದನ್ನು ಮನೆಯ ಅರ್ಥಿಂಗ್‌ಗೆ ಜೋಡಿಸದೆ ಬಿಡುವುದು ಅಪಾಯಕರ. ಸಿಡಿಲಿನ ವೇಳೆ ಎರಡು ಸರಳುಗಳ ನಡುವೆ ಉಂಟಾಗುವ ವೋಲ್ಟೇಜ್ ಉಪಕರಣದ ಮೂಲಕವೇ ಹರಿಯಬಹುದು. ದೂರವಾಣಿ ಹಾಗೂ ಆಂಟೆನಾ ತಂತಿಗಳು ಕೂಡ ಮನೆಯನ್ನು ಒಂದೇ ಕಡೆಯಿಂದ ಪ್ರವೇಶಿಸಿ ಅದೇ ಭೂಸಂಪರ್ಕಕ್ಕೆ ರಕ್ಷಕಗಳ ಮೂಲಕ ಸೇರಬೇಕು. ಆಸಿಲೋಸ್ಕೋಪಿನ ಪ್ಲಗ್ಗಿನ ಅರ್ಥ್ ಪಿನ್ನನ್ನು ತೆಗೆಯುವುದರಿಂದ ಅದರ ಲೋಹದ ಹೊರಕವಚದಲ್ಲಿ ವಿದ್ಯುತ್ ಹರಿದು ಪ್ರಾಣಾಪಾಯವಾಗಬಹುದು.

ಮಿತಿಗಳು

ಸಿಡಿಲಿನ ಪ್ರವಾಹ ಸಾಮಾನ್ಯವಾಗಿ 30,000 ಆಂಪಿಯರ್‌ನಷ್ಟಿರುತ್ತದೆ. ನೇರ ಹೊಡೆತದೆದುರು ಮನೆಬಳಕೆಯ ಯಾವ ಸಾಧನವೂ ಪೂರ್ಣ ಭರವಸೆ ನೀಡಲಾರದು. ಪ್ಲಗ್, ಆಂಟೆನಾ ಮತ್ತು ದೂರವಾಣಿ ತಂತಿಗಳೆಲ್ಲವನ್ನೂ ಮುಂಚಿತವಾಗಿ ಕಳಚುವುದೇ ಖಚಿತ ಉಪಾಯ. ಮಿಂಚು ಕಂಡ 30 ಸೆಕೆಂಡುಗಳೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿಲೋಮೀಟರಿನೊಳಗಿದೆ ಎಂದರ್ಥ. ಆಗ ತಂತಿಗಳನ್ನು ಕಳಚಲು ಹೋಗದೆ ಅವುಗಳಿಂದ ದೂರವಿರಬೇಕು.