ರಾಮಚಂದ್ರನ್ ನಕ್ಷೆಯೂ ಹಾವಿನ ವಿಷವೂ

ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿ ಸಂಜೆಯ ಹೊತ್ತು ನಡೆದುಹೋಗುವವರು ಮಲ್ಲಿಗೆಯ ಮೊಗ್ಗುಗಳನ್ನು ಸರವಾಗಿ ಕಟ್ಟುತ್ತ ಕುಳಿತ ಹೂವಾಡಗಿತ್ತಿಯರನ್ನು ಕಂಡಿರುತ್ತಾರೆ. ಒಂದು ಮೊಳ ಅಳೆದು ಎಲೆಯ ಮೇಲೆ ಬಿಟ್ಟರೆ ಆ ಸರ ಹೇಗೋ ಒಂದು ಬಗೆಯಲ್ಲಿ ಸುತ್ತಿಕೊಂಡು ಬೀಳುತ್ತದೆ; ಎತ್ತಿ ಮತ್ತೆ ಬಿಟ್ಟರೆ ಆಕಾರ ಬೇರೆ. ಆದರೆ ಎಷ್ಟು ಸಲ ಬಿಟ್ಟರೂ ತಾನಾಗಿಯೇ ಮಡಿಸಿಕೊಂಡು, ಅದೇ ಸುರುಳಿ, ಅದೇ ಮಡಿಕೆ, ಅದೇ ಗಂಟನ್ನು ಪ್ರತಿಸಲವೂ ತಾಳುವ ಸರವೊಂದಿದ್ದರೆ ಅದನ್ನು ಏನೆನ್ನಬೇಕು?

ಅಂತಹ ಸರಗಳು ನಮ್ಮೆಲ್ಲರ ಮೈಯಲ್ಲಿಯೂ ಇವೆ. ಹಿಂದಿನ ಪುಸ್ತಕಗಳು ಸಸಾರಜನಕವೆಂದೂ ಈಗಿನವು ಪ್ರೋಟೀನು ಎಂದೂ ಕರೆಯುವ ವಸ್ತುಗಳೇ ಅವು. ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ಮಣಿಗಳನ್ನು ಒಂದರ ಹಿಂದೊಂದು ಪೋಣಿಸಿದರೆ ಪ್ರೋಟೀನು ಆಗುತ್ತದೆ. ಮಣಿಗಳ ಕ್ರಮ ಬೇರೆಯಾದರೆ ಆಕಾರ ಬೇರೆ; ಆಕಾರ ಬೇರೆಯಾದರೆ ಕೆಲಸವೂ ಬೇರೆ. ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಒಂದು ಸರ, ಅನ್ನವನ್ನು ಅರಗಿಸುವುದು ಇನ್ನೊಂದು. ನಾಗರಹಾವಿನ ಹಲ್ಲಿನಿಂದ ಇಳಿದು ನರಕ್ಕೂ ಸ್ನಾಯುವಿಗೂ ಇರುವ ಸಂಪರ್ಕವನ್ನು ಕಡಿದುಹಾಕುವುದೂ ಒಂದು ಸರವೇ.

ಸರ ತಾನಾಗಿಯೇ ಮಡಿಸಿಕೊಳ್ಳುವುದೆಂಬುದನ್ನು ಪ್ರಯೋಗದಿಂದ ತೋರಿಸಿದವರು ಅಮೆರಿಕದ ಆನ್‌ಫಿನ್‌ಸೆನ್. ಅವರು ರೈಬೋನ್ಯೂಕ್ಲಿಯೇಸ್ ಎಂಬ 124 ಮಣಿಗಳ ಪ್ರೋಟೀನನ್ನು ಯೂರಿಯಾ ಮೊದಲಾದ ದ್ರವ್ಯಗಳಿಂದ ಪೂರ್ತಿಯಾಗಿ ಬಿಚ್ಚಿದರು. ಅದರ ಕೆಲಸ ನಿಂತುಹೋಯಿತು. ಆ ದ್ರವ್ಯಗಳನ್ನು ತೆಗೆದಾಗ ಸರ ಮತ್ತೆ ಮೊದಲಿನಂತೆ ಮಡಿಸಿಕೊಂಡಿತು, ಕೆಲಸವೂ ಮರಳಿತು. ಹಾಗಾದರೆ ಆಕಾರದ ಗುಟ್ಟೆಲ್ಲ ಮಣಿಗಳ ಕ್ರಮದಲ್ಲಿಯೇ ಅಡಗಿರಬೇಕು. ಆನ್‌ಫಿನ್‌ಸೆನ್ನರಿಗೆ 1972ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕ್ರಮ ತಿಳಿದಿದ್ದರೆ ಲೆಕ್ಕ ಹಾಕಿ ಆಕಾರವನ್ನು ಹೇಳಬಾರದೇಕೆ ಎಂದು ವಾಚಕರು ಕೇಳಬಹುದು. ಲೆಕ್ಕವನ್ನು ಹಾಕಿಯೇ ನೋಡೋಣ. ಸರದಲ್ಲಿ ನೂರು ಮಣಿಗಳಿರಲಿ. ಒಂದೊಂದು ಮಣಿಗೂ ಮೂರೇ ಭಂಗಿಗಳೆಂದು ಉದಾರವಾಗಿ ಇಟ್ಟುಕೊಳ್ಳೋಣ. ಮೂರನ್ನು ಮೂರರಿಂದ ನೂರು ಸ್ಥಾನಗಳವರೆಗೆ ಗುಣಿಸುತ್ತ ಹೋದರೆ ಬರುವ ಸಂಖ್ಯೆ 5ರ ಮುಂದೆ 47 ಸೊನ್ನೆಗಳನ್ನು ಬರೆದಷ್ಟು. ಸೆಕೆಂಡಿಗೆ ಒಂದು ಲಕ್ಷ ಕೋಟಿ ಆಕಾರಗಳನ್ನು ಪರೀಕ್ಷಿಸುತ್ತ ಹೋದರೂ ಎಲ್ಲವೂ ಮುಗಿಯಲು 1ರ ಮುಂದೆ 28 ಸೊನ್ನೆಗಳಷ್ಟು ವರ್ಷಗಳು ಸಾಲವು. ವಿಶ್ವಕ್ಕೆ ಈಗ ಆಗಿರುವ ವಯಸ್ಸು ಸುಮಾರು 1,380 ಕೋಟಿ ವರ್ಷ ಮಾತ್ರ. ಆದರೂ ಅನೇಕ ಪ್ರೋಟೀನುಗಳು ಒಂದು ಸೆಕೆಂಡಿನೊಳಗೆ ಮಡಿಸಿಕೊಂಡುಬಿಡುತ್ತವೆ! 1969ರಲ್ಲಿ ಲೆವಿಂಥಾಲ್ ಎಂಬುವರು ಈ ವಿಚಿತ್ರವನ್ನು ಎತ್ತಿತೋರಿಸಿದರು. ಸರವು ಎಲ್ಲ ಆಕಾರಗಳನ್ನೂ ಹುಡುಕುತ್ತ ಕೂರುವುದಿಲ್ಲವೆಂಬುದು ಇದರಿಂದ ಸ್ಪಷ್ಟ. ಬಹುಪಾಲು ದಾರಿಗಳು ಅದಕ್ಕೆ ಮೊದಲೇ ಮುಚ್ಚಿರಬೇಕು. ಯಾವ ದಾರಿಗಳು ಮುಚ್ಚಿವೆ ಎಂಬ ಲೆಕ್ಕ ಅದಕ್ಕೂ ಆರು ವರ್ಷ ಮೊದಲೇ ನಮ್ಮ ದೇಶದಲ್ಲಿ ಆಗಿಹೋಗಿತ್ತು. ಅದನ್ನು ಮಾಡಿದವರು ಬೆಂಗಳೂರಿನಲ್ಲಿ ಕಲಿತವರು.

ಮಲ್ಲೇಶ್ವರದ ಹದಿನೆಂಟನೆಯ ಅಡ್ಡರಸ್ತೆಯನ್ನು ದಾಟಿ ಉತ್ತರಕ್ಕೆ ಸ್ವಲ್ಪ ದೂರ ನಡೆದರೆ ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ ಸಿಗುತ್ತದೆ. 1942ರಲ್ಲಿ ಜಿ. ಎನ್. ರಾಮಚಂದ್ರನ್ ಎಂಬ ಇಪ್ಪತ್ತರ ತರುಣ ವಿದ್ಯುತ್ ಎಂಜಿನಿಯರಿಂಗ್ ಕಲಿಯಲೆಂದು ಅಲ್ಲಿಗೆ ಬಂದರು. ಭೌತಶಾಸ್ತ್ರದ ಆಚಾರ್ಯರಾಗಿದ್ದ ಸಿ. ವಿ. ರಾಮನ್ನರು ಹುಡುಗನ ಬುದ್ಧಿಯನ್ನು ಕಂಡು, ಈತ ನಿಮ್ಮ ವಿಭಾಗಕ್ಕೆ ಸ್ವಲ್ಪ ಹೆಚ್ಚಾದನೆಂದು ಆ ವಿಭಾಗದವರಿಗೆ ಹೇಳಿ ತಮ್ಮ ಕಡೆಗೆ ಸೆಳೆದುಕೊಂಡರೆಂಬ ಕಥೆ ಪ್ರಸಿದ್ಧವಾಗಿದೆ. ಭೌತಶಾಸ್ತ್ರ ಪಾಠ ಹೇಳುವ ನಮಗೆ ಈ ಕಥೆ ಹಿತವಾದುದೆಂದು ಬೇರೆ ಹೇಳಬೇಕಾಗಿಲ್ಲ; ಎಂಜಿನಿಯರಿಂಗ್ ಮಿತ್ರರು ಕ್ಷಮಿಸಬೇಕು. ರಾಮನ್ನರ ಬಳಿ ಸ್ಫಟಿಕಗಳ ಮೇಲೆ ಕ್ಷ-ಕಿರಣಗಳನ್ನು ಹಾಯಿಸಿ ಪರಮಾಣುಗಳ ನೆಲೆಯನ್ನು ತಿಳಿಯುವ ವಿದ್ಯೆಯನ್ನು ಕಲಿತು, ಕೇಂಬ್ರಿಜ್‌ಗೆ ಹೋಗಿ ಬಂದು, 1952ರಲ್ಲಿ ರಾಮಚಂದ್ರನ್ ಮದರಾಸು ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು.

ಅಲ್ಲಿ ಅವರು ಕೈಗೆತ್ತಿಕೊಂಡುದು ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಬಿಗಿಯನ್ನು ಕೊಡುವ ಕೊಲಾಜೆನ್ ಎಂಬ ಪ್ರೋಟೀನನ್ನು. ಅದೇ ಊರಿನ ಕೇಂದ್ರೀಯ ಚರ್ಮ ಸಂಶೋಧನಾಲಯದಿಂದ ಕಾಂಗರೂ ಬಾಲದ ಸ್ನಾಯುರಜ್ಜು ದೊರೆಯಿತು. ಕ್ಷ-ಕಿರಣದ ಚಿತ್ರಗಳನ್ನು ಓದಿ, ಗೋಪಿನಾಥ್ ಕರ್ತಾ ಅವರೊಡನೆ 1954ರಲ್ಲಿ, ಕೊಲಾಜೆನ್ನಿನಲ್ಲಿ ಮೂರು ಸರಗಳು ಜಡೆಯಂತೆ ಹೆಣೆದುಕೊಂಡಿವೆ ಎಂದು ಪ್ರಕಟಿಸಿದರು. ಮರುವರ್ಷ ಅದನ್ನು ತಿದ್ದಿ ಇನ್ನೂ ಖಚಿತಗೊಳಿಸಿದರು. ಆಗ ಕೇಂಬ್ರಿಜ್‌ನಿಂದ ರಿಚ್ ಮತ್ತು ಕ್ರಿಕ್ ಆಕ್ಷೇಪವೆತ್ತಿದರು. ಜಡೆಯೇನೋ ಸರಿ, ಆದರೆ ಈ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದಕ್ಕೊಂದು ತೀರ ಹತ್ತಿರ ಬಂದಿವೆ, ಅಷ್ಟು ಹತ್ತಿರ ಅವು ಇರಲಾರವು, ಎಂದು.

ಬೇರೊಬ್ಬರಾಗಿದ್ದರೆ ಪತ್ರಿಕೆಗಳಲ್ಲಿ ವಾದ ಬೆಳೆಸುತ್ತಿದ್ದರೇನೋ. ರಾಮಚಂದ್ರನ್ ಇನ್ನೂ ಮೂಲಕ್ಕೆ ಹೋದರು. ಪರಸ್ಪರ ಬಂಧವಿಲ್ಲದ ಎರಡು ಪರಮಾಣುಗಳು ಎಷ್ಟು ಹತ್ತಿರ ಬರಬಹುದು? ಇದನ್ನು ಊಹೆಗೆ ಬಿಡದೆ, ಅದುವರೆಗೆ ಅಳೆದಿದ್ದ ಸ್ಫಟಿಕಗಳಲ್ಲಿ ನಿಜವಾಗಿ ಕಂಡ ಅಂತರಗಳನ್ನೆಲ್ಲ ಕಲೆಹಾಕಿದರು. ಇಂಗಾಲಕ್ಕೂ ಇಂಗಾಲಕ್ಕೂ ಇಷ್ಟು, ಇಂಗಾಲಕ್ಕೂ ಆಮ್ಲಜನಕಕ್ಕೂ ಇಷ್ಟು, ಎಂದು ಕನಿಷ್ಠ ಅಂತರಗಳ ಪಟ್ಟಿ ಸಿದ್ಧವಾಯಿತು. ಇವೆಲ್ಲ ಮಿಲಿಮೀಟರಿನ ಒಂದು ಕೋಟಿಯ ಪಾಲನ್ನು ಏಕಮಾನವಾಗಿಟ್ಟುಕೊಂಡರೆ ಎರಡು, ಮೂರು ಎಂದು ಎಣಿಸುವಂತಹ ಅಂತರಗಳು.

ಮುಂದಿನ ಹೆಜ್ಜೆಯನ್ನು ತಿಳಿಯಲು ಎರಡು ಪೋಸ್ಟ್‌ಕಾರ್ಡುಗಳು ಸಾಕು. ಪ್ರೋಟೀನಿನ ಸರದಲ್ಲಿ ಒಂದು ಮಣಿಯನ್ನು ಮುಂದಿನದಕ್ಕೆ ಸೇರಿಸುವ ಭಾಗ ಕಾರ್ಡಿನಂತೆ ಚಪ್ಪಟೆಯಾಗಿ, ಬಗ್ಗದೆ ಇರುತ್ತದೆ. ಒಂದು ಕಾರ್ಡಿನ ಮೂಲೆಯನ್ನು ಮತ್ತೊಂದರ ಮೂಲೆಗೆ ದಾರದಿಂದ ಕಟ್ಟಿರಿ. ಆ ಗಂಟೇ ಒಂದು ಇಂಗಾಲದ ಪರಮಾಣು. ಗಂಟಿನ ಸುತ್ತ ಎಡದ ಕಾರ್ಡನ್ನು ತಿರುಗಿಸಬಹುದು, ಬಲದ ಕಾರ್ಡನ್ನು ತಿರುಗಿಸಬಹುದು. ಬೇರೆ ಸ್ವಾತಂತ್ರ್ಯ ಹೆಚ್ಚೇನೂ ಇಲ್ಲ. ಈ ಎರಡು ತಿರುವುಗಳ ಕೋನಗಳಿಗೆ ಫೈ ಮತ್ತು ಸೈ ಎಂಬ ಗ್ರೀಕ್ ಅಕ್ಷರಗಳ ಹೆಸರು. ಪ್ರತಿಯೊಂದು ಗಂಟಿನಲ್ಲಿಯೂ ಈ ಎರಡು ಕೋನಗಳನ್ನು ಹೇಳಿದರೆ ಸರದ ಬೆನ್ನೆಲುಬು ಹೇಗೆ ಓಡಿದೆಯೆಂಬುದು ತಿಳಿದಂತೆಯೇ. ಈಗ ಕಾರ್ಡುಗಳನ್ನು ತಿರುಗಿಸುತ್ತ ಹೋಗಿರಿ. ಕೆಲವು ಭಂಗಿಗಳಲ್ಲಿ ಅವು ಒಂದಕ್ಕೊಂದು ತಾಗುತ್ತವೆ, ಮುಂದೆ ತಿರುಗಿಸಲು ಬರುವುದಿಲ್ಲ.

ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಎಂಬ ಸಹೋದ್ಯೋಗಿಗಳೊಡನೆ ರಾಮಚಂದ್ರನ್ ಇದನ್ನೇ ಲೆಕ್ಕದಲ್ಲಿ ಮಾಡಿದರು. ಫೈ ಇಷ್ಟು, ಸೈ ಇಷ್ಟು ಎಂದಿಟ್ಟುಕೊಂಡು, ಪರಮಾಣುಗಳ ಅಂತರಗಳನ್ನು ಗುಣಿಸಿ, ಪಟ್ಟಿಯೊಡನೆ ಹೋಲಿಸುವುದು, ಕೋನವನ್ನು ಸ್ವಲ್ಪ ಬದಲಿಸುವುದು, ಮತ್ತೆ ಹೋಲಿಸುವುದು. ಕೈಯಲ್ಲಿದ್ದುದು ಮೇಜಿನ ಮೇಲಿನ ಲೆಕ್ಕದ ಯಂತ್ರ. ಫಲವನ್ನು ಒಂದು ಚೌಕದಲ್ಲಿ ಗುರುತಿಸಿದಾಗ, ಚೌಕದ ಸುಮಾರು ಮುಕ್ಕಾಲು ಭಾಗ ನಿಷಿದ್ಧವೆಂದು ತಿಳಿದುಬಂದಿತು. ಉಳಿದ ಕೆಲವು ದ್ವೀಪಗಳಲ್ಲಿ ಮಾತ್ರ ಸರಕ್ಕೆ ಎಡೆಯಿದೆ. ಪಾಲಿಂಗ್ 1951ರಲ್ಲಿ ಕಂಡುಹಿಡಿದಿದ್ದ ಸುರುಳಿಯೂ ಹಾಳೆಯಂತಹ ಮಡಿಕೆಯೂ ಸರಿಯಾಗಿ ಆ ದ್ವೀಪಗಳೊಳಗೇ ಬಂದವು. 1963ರಲ್ಲಿ ಪ್ರಕಟವಾದ ಈ ಚಿತ್ರವೇ ಇಂದು ಜಗತ್ತಿನ ಜೀವರಸಾಯನ ಪಠ್ಯಗಳಲ್ಲೆಲ್ಲ ಇರುವ ರಾಮಚಂದ್ರನ್ ನಕ್ಷೆ. ಎಪ್ಪತ್ತರ ದಶಕದ ಮೊದಲಲ್ಲಿ ರಾಮಚಂದ್ರನ್ ಬೆಂಗಳೂರಿಗೆ ಮರಳಿ, ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತಶಾಸ್ತ್ರದ ವಿಭಾಗವನ್ನು ಕಟ್ಟಿದರು. 2001ರಲ್ಲಿ ತೀರಿಕೊಂಡರು.

ನಕ್ಷೆ ಮುಚ್ಚಿದ ದಾರಿಗಳನ್ನು ತೋರಿಸಿತು. ತೆರೆದ ದಾರಿಗಳಲ್ಲಿ ಯಾವುದನ್ನು ಸರ ಹಿಡಿಯುವುದೆಂದು ಹೇಳಲಿಲ್ಲ. ಆ ಪ್ರಶ್ನೆ ಇನ್ನೂ ಅರ್ಧ ಶತಮಾನ ಉಳಿಯಿತು. ಅಷ್ಟರಲ್ಲಿ ಪ್ರಯೋಗಶಾಲೆಗಳು ಒಂದೊಂದೇ ಪ್ರೋಟೀನನ್ನು ಸ್ಫಟಿಕ ಮಾಡಿ ಅಳೆಯುತ್ತ ಬಂದವು. ಈ ಅಳತೆಗಳನ್ನು ಕೂಡಿಡಲು 1971ರಲ್ಲಿ ತೆರೆದ ಭಂಡಾರದಲ್ಲಿ ಮೊದಲು ಇದ್ದುದು ಏಳೇ ಆಕಾರಗಳು. ಈಗ ಎರಡು ಲಕ್ಷಕ್ಕೂ ಹೆಚ್ಚು ಇವೆ.

ಲಂಡನ್ನಿನ ಡೀಪ್‌ಮೈಂಡ್ ಸಂಸ್ಥೆಯ ಹಸಾಬಿಸ್, ಜಂಪರ್ ಮತ್ತು ಸಂಗಡಿಗರು ಗಣಕಯಂತ್ರಕ್ಕೆ ಈ ಭಂಡಾರವನ್ನೇ ಪಾಠವಾಗಿ ಕೊಟ್ಟರು. ಅದರೊಡನೆ ಇನ್ನೊಂದು ಸುಳಿವೂ ಇತ್ತು. ಒಂದೇ ಪ್ರೋಟೀನು ಮನುಷ್ಯನಲ್ಲಿಯೂ ಕಪ್ಪೆಯಲ್ಲಿಯೂ ಮೀನಿನಲ್ಲಿಯೂ ಸ್ವಲ್ಪ ಸ್ವಲ್ಪ ವ್ಯತ್ಯಾಸದಿಂದ ಇರುತ್ತದೆಯಷ್ಟೆ. ಸರದಲ್ಲಿ ದೂರದೂರವಿರುವ ಎರಡು ಮಣಿಗಳು ಯಾವಾಗಲೂ ಜೊತೆಯಾಗಿಯೇ ಬದಲಾಗುತ್ತಿದ್ದರೆ, ಮಡಿಸಿದ ಆಕಾರದಲ್ಲಿ ಅವೆರಡೂ ಪಕ್ಕಪಕ್ಕದಲ್ಲಿ ಇರಬೇಕೆಂದು ಊಹಿಸಬಹುದು: ಬಾಗಿಲನ್ನು ಅಗಲ ಮಾಡಿದ ಬಡಗಿ ಚೌಕಟ್ಟನ್ನೂ ಅಗಲ ಮಾಡಲೇಬೇಕಲ್ಲವೆ? ಆಲ್ಫಾಫೋಲ್ಡ್ ಎಂಬ ಆ ಕಾರ್ಯಕ್ರಮದ ಎರಡನೆಯ ಆವೃತ್ತಿ 2020ರ ಸ್ಪರ್ಧೆಯಲ್ಲಿ ಅನೇಕ ಪ್ರೋಟೀನುಗಳ ಆಕಾರವನ್ನು ಪ್ರಯೋಗದ ಅಳತೆಗೆ ಸಾಟಿಯಾಗುವಷ್ಟು ನಿಖರವಾಗಿ ಹೇಳಿತು. 2022ರ ವೇಳೆಗೆ ಇಪ್ಪತ್ತು ಕೋಟಿಗೂ ಹೆಚ್ಚು ಆಕಾರಗಳು ಎಲ್ಲರಿಗೂ ಉಚಿತವಾಗಿ ದೊರೆತವು. 2024ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಅರ್ಧ ಇವರಿಬ್ಬರಿಗೆ. ಮಿಕ್ಕರ್ಧ, ಪ್ರಕೃತಿಯಲ್ಲಿ ಇಲ್ಲದ ಹೊಸ ಪ್ರೋಟೀನುಗಳನ್ನು ಲೆಕ್ಕದಿಂದ ರಚಿಸುವ ಅಮೆರಿಕದ ಡೇವಿಡ್ ಬೇಕರ್ ಅವರಿಗೆ.

ಹೊಸ ಪ್ರೋಟೀನಿನಿಂದ ನಮಗೇನು ಪ್ರಯೋಜನ? ಇಲ್ಲಿ ಹಾವಿನ ಕಡೆಗೆ ಬರೋಣ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು ಹನ್ನೆರಡು ಲಕ್ಷವೆಂದು ಅಂದಾಜು. ವರ್ಷಕ್ಕೆ ಸರಾಸರಿ 58,000. ಇವರಲ್ಲಿ ಬಹುಮಂದಿ ಹಳ್ಳಿಗಳವರು. ಕರ್ನಾಟಕ ಸರ್ಕಾರ 2024ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಸಾರಿತು. ಚಿಕಿತ್ಸೆಯ ಕ್ರಮ ಮಾತ್ರ ನೂರು ವರ್ಷಕ್ಕೂ ಹಳೆಯದು: ಕುದುರೆಗೆ ಸ್ವಲ್ಪ ಸ್ವಲ್ಪ ವಿಷವನ್ನು ಚುಚ್ಚಿ, ಅದರ ರಕ್ತದಲ್ಲಿ ಹುಟ್ಟಿದ ಪ್ರತಿವಿಷವನ್ನು ತೆಗೆದು ರೋಗಿಗೆ ಕೊಡುವುದು. ಇದು ಲಕ್ಷಾಂತರ ಜೀವಗಳನ್ನು ಉಳಿಸಿದೆ, ಇಂದಿಗೂ ಹಾವು ಕಚ್ಚಿದವನನ್ನು ಒಡನೆಯೇ ಒಯ್ಯಬೇಕಾದುದು ಈ ಮದ್ದಿರುವ ಆಸ್ಪತ್ರೆಗೇ. ಆದರೆ ಕುದುರೆಯ ಪ್ರೋಟೀನು ಕೆಲವರ ಮೈಗೆ ಒಗ್ಗದೆ ಅಪಾಯ ತರುವುದುಂಟು.

ನಾಗರಹಾವಿನ ವಿಷದಲ್ಲಿರುವ ಒಂದು ಬಗೆಯ ಪ್ರೋಟೀನು ಅರುವತ್ತು ಎಪ್ಪತ್ತು ಮಣಿಗಳ ಪುಟ್ಟ ಸರ. ಮಡಿಸಿಕೊಂಡಾಗ ಅದರಿಂದ ಮೂರು ಬೆರಳುಗಳು ಚಾಚಿದಂತೆ ಕಾಣುತ್ತದೆ. ನರದಿಂದ ಬರುವ ರಾಸಾಯನಿಕ ಸಂದೇಶವನ್ನು ಸ್ನಾಯುವು ಪಡೆಯುವ ಬಾಗಿಲಿನ ಬೀಗದಲ್ಲಿ ಈ ಬೆರಳು ತಪ್ಪು ಕೀಲಿಯಂತೆ ಸಿಕ್ಕಿಕೊಳ್ಳುತ್ತದೆ. ಸಂದೇಶ ತಲುಪದು, ಉಸಿರಾಟದ ಸ್ನಾಯುಗಳು ಸೋತು ಪ್ರಾಣ ಹೋಗುತ್ತದೆ. ಹಾಗಾದರೆ ಆ ಬೆರಳಿಗೆ ಸರಿಯಾಗಿ ಹೊಂದುವ ಕವಚವೊಂದನ್ನು ಮಾಡಿ ತೊಡಿಸಿಬಿಟ್ಟರೆ? ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗಾರ್ ಅವರ ಪ್ರಯೋಗಶಾಲೆಯೂ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯೂ ಕೂಡಿ, ಸಾವಿರಾರು ಕೋಟಿ ಕೃತಕ ಮಾನವ ಪ್ರತಿಕಾಯಗಳಿಂದ ಇಂತಹ ಒಂದನ್ನು ಆರಿಸಿ 2024ರಲ್ಲಿ ಪ್ರಕಟಿಸಿದವು. ವಿಷವನ್ನು ಚುಚ್ಚಿ ಇಪ್ಪತ್ತು ನಿಮಿಷಗಳಾದ ಮೇಲೆ ಕೊಟ್ಟರೂ ಇಲಿಗಳು ಬದುಕಿದವು. ಬೇಕರ್ ಅವರ ತಂಡದವರು ಬೇರೆ ದಾರಿ ಹಿಡಿದರು. ಬೆರಳಿನ ಆಕಾರವನ್ನು ಗಣಕಯಂತ್ರಕ್ಕೆ ಕೊಟ್ಟು, ಅದಕ್ಕೆ ಹೊಂದುವ ಸರವನ್ನು ಹೊಸದಾಗಿಯೇ ರಚಿಸಿ, 2025ರ ಆರಂಭದಲ್ಲಿ ಪ್ರಕಟಿಸಿದರು. ವಿಷವುಂಡ ಇಲಿಗಳಲ್ಲಿ ನೂರಕ್ಕೆ ಎಂಬತ್ತರಿಂದ ನೂರರವರೆಗೆ ಉಳಿದುಕೊಂಡವು. ಒಂದು ಕಡೆ ಆರಿಸುವಿಕೆ, ಇನ್ನೊಂದು ಕಡೆ ರಚನೆ. ಎರಡೂ ಇನ್ನೂ ಇಲಿಗಳನ್ನು ದಾಟಿ ಮನುಷ್ಯರಿಗೆ ಬರಬೇಕಾಗಿದೆ. ಅಲ್ಲದೆ ನಮ್ಮ ದೇಶದಲ್ಲಿ ಅತಿ ಹೆಚ್ಚು ಸಾವಿಗೆ ಕಾರಣವಾದ ಕೊಳಕುಮಂಡಲದ ವಿಷ ಬೇರೆಯದೇ ಪ್ರೋಟೀನುಗಳಿಂದ ರಕ್ತದ ಹೆಪ್ಪುಗಟ್ಟುವಿಕೆಯನ್ನು ಕೆಡಿಸುತ್ತದೆ. ನಾಗರದ ಕವಚ ಅದಕ್ಕೆ ಹೊಂದದು.

ಇಷ್ಟೆಲ್ಲ ಮಾಡುವ ಗಣಕಯಂತ್ರಕ್ಕೆ ಪ್ರೋಟೀನು ಏಕೆ ಹೀಗೆಯೇ ಮಡಿಸಿಕೊಳ್ಳುವುದೆಂದು ಗೊತ್ತೆ? ಗೊತ್ತಿಲ್ಲವೆಂದೇ ನಮ್ಮ ಅಭಿಪ್ರಾಯ. ಅದು ಕೊನೆಯ ಆಕಾರವನ್ನು ಹೇಳುತ್ತದೆ, ನಡೆದ ದಾರಿಯನ್ನು ಹೇಳುವುದಿಲ್ಲ. 2024ರ ಮೇ ತಿಂಗಳಲ್ಲಿ ಬಂದ ಆಲ್ಫಾಫೋಲ್ಡಿನ ಮೂರನೆಯ ಆವೃತ್ತಿಯ ದೋಷಗಳನ್ನು ಅದರ ಕರ್ತೃಗಳೇ ಪ್ರಾಮಾಣಿಕವಾಗಿ ಬರೆದಿದ್ದಾರೆ: ಕೆಲವೊಮ್ಮೆ ಅದು ಕೊಡುವ ಆಕಾರದಲ್ಲಿ ಪರಮಾಣುಗಳು ಒಂದರ ಮೇಲೊಂದು ಬಿದ್ದಿರುತ್ತವೆ. 1955ರಲ್ಲಿ ಮದರಾಸಿನ ಮಾದರಿಯ ಮೇಲೆ ಬಂದ ಆಕ್ಷೇಪಣೆಯೂ ಇದೇ ಜಾತಿಯದು! ಆದುದರಿಂದ, ಸ್ಫಟಿಕದಿಂದ ಬಂದಿರಲಿ ಯಂತ್ರದಿಂದ ಬಂದಿರಲಿ, ಹೊಸ ಆಕಾರವನ್ನು ಕಂಡ ಸಂಶೋಧಕರು ಅದರ ಕೋನಗಳನ್ನು ಇಂದಿಗೂ ರಾಮಚಂದ್ರನ್ ನಕ್ಷೆಯ ಮೇಲೆ ಚುಕ್ಕೆಗಳಾಗಿ ಹಾಕಿ ನೋಡುತ್ತಾರೆ. ನಿಷಿದ್ಧ ಪ್ರದೇಶದಲ್ಲಿ ಚುಕ್ಕೆಗಳು ಹೆಚ್ಚಾಗಿ ಬಿದ್ದರೆ ಎಲ್ಲಿಯೋ ತಪ್ಪಿದೆಯೆಂದು ಅರ್ಥ.

ಕಾಲೇಜಿನ ವಿದ್ಯಾರ್ಥಿಗಳು ಇದನ್ನು ತಾವೇ ಮಾಡಿನೋಡಬಹುದು. ಆಕಾರಗಳ ಭಂಡಾರ ಯಾರಿಗಾದರೂ ತೆರೆದಿದೆ. ಆಲ್ಫಾ-ಕೋಬ್ರಾಟಾಕ್ಸಿನ್ ಎಂಬ ನಾಗರವಿಷದ ಸರವನ್ನು ಹುಡುಕಿರಿ. ಅದರಲ್ಲಿ 71 ಮಣಿಗಳಿವೆ. ಚುಕ್ಕೆಗಳನ್ನು ಹಾಕಿದಾಗ ಹೆಚ್ಚಿನವು ಹಾಳೆಯ ಮಡಿಕೆಗೆ ಮೀಸಲಾದ ದ್ವೀಪದಲ್ಲಿ ಸೇರುವುದನ್ನು ಕಾಣುವಿರಿ, ಬೆರಳುಗಳು ಅಂತಹ ಮಡಿಕೆಗಳಿಂದಲೇ ಆದವು. ಒಂದೆರಡು ಚುಕ್ಕೆಗಳು ದ್ವೀಪಗಳ ಹೊರಗೆ ಬಿದ್ದರೆ ಗಾಬರಿಯಾಗದೆ ಮಣಿಯ ಹೆಸರನ್ನು ನೋಡಿರಿ. ಅದು ಗ್ಲೈಸೀನ್ ಆಗಿರುವ ಸಂಭವ ಹೆಚ್ಚು. ಅದರ ಪಕ್ಕಕ್ಕೆ ಒಂದು ಜಲಜನಕದ ಪರಮಾಣುವನ್ನು ಬಿಟ್ಟು ಬೇರೇನೂ ಅಂಟಿಕೊಂಡಿಲ್ಲವಾಗಿ, ಬೇರೆ ಮಣಿಗಳು ತಾಗಿ ನಿಲ್ಲುವ ಎಡೆಯಲ್ಲಿಯೂ ಅದು ಸುಲಭವಾಗಿ ತಿರುಗಿಬಿಡುತ್ತದೆ.