ಸಿಂಥ್ ಇದೆ, ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ?

ಪ್ರಶ್ನೆ: ನನ್ನ ಬಳಿ ಒಂದು ಸಿಂಥಸೈಜರ್, ಒಂದು ಡ್ರಮ್ ಮಷಿನ್ ಇವೆ. ನುಡಿಸಿದ್ದನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ಉತ್ತರ: ಸಾಫ್ಟ್‌ವೇರ್ ಆಮೇಲೆ, ಮೊದಲು ವೈರಿನ ಮಾತು. ಅನೇಕ ಕೀಬೋರ್ಡುಗಳ ಯುಎಸ್‌ಬಿ ಕೇಬಲ್ಲಿನಲ್ಲಿ ಸದ್ದು ಹೋಗುವುದೇ ಇಲ್ಲ. ಯಾವ ಕೀಯನ್ನು ಎಷ್ಟು ಜೋರಾಗಿ, ಎಷ್ಟು ಹೊತ್ತು ಒತ್ತಿದಿರಿ ಎಂಬ ಮಾಹಿತಿಯಷ್ಟೇ ಹೋಗುತ್ತದೆ. ಇದೇ 1983ರಿಂದ ಬಳಕೆಯಲ್ಲಿರುವ ಮಿಡಿ. ವಾದ್ಯದ ಸ್ವಂತ ದನಿಯೇ ಬೇಕೆಂದರೆ ಅದರ ಲೈನ್ ಔಟ್‌ನಿಂದ, ಸದ್ದನ್ನು ಕಂಪ್ಯೂಟರಿಗೆ ಮುಟ್ಟಿಸುವ ಆಡಿಯೋ ಇಂಟರ್‌ಫೇಸ್‌ಗೆ ವೈರ್ ಎಳೆಯಬೇಕು. ಸ್ಟೀರಿಯೋ ಸಿಂಥ್ ಒಂದೇ ಎರಡು ಇನ್‌ಪುಟ್ ತಿಂದುಬಿಡುತ್ತದೆ. ಡ್ರಮ್ ಮಷಿನ್ನನ್ನೂ ಜೊತೆಗೇ ಹಿಡಿಯುವ ಆಸೆಯಿದ್ದರೆ ನಾಲ್ಕು ಇನ್‌ಪುಟ್‌ನದನ್ನೇ ಕೊಳ್ಳಿ.

ಇನ್ನು ಸಾಫ್ಟ್‌ವೇರ್. ಆಡಾಸಿಟಿ ಪುಕ್ಕಟೆ, ಸರಳ. ಆದರೆ ಮಿಡಿ ರೆಕಾರ್ಡ್ ಮಾಡಲು ಅದಕ್ಕೆ ಬಾರದು. ಮ್ಯಾಕ್ ಇದ್ದರೆ ಗರಾಜ್‌ಬ್ಯಾಂಡ್ ಸಾಕು, ಅದೂ ಉಚಿತ. ವಿಂಡೋಸ್ ಆದರೆ ನನ್ನ ಮತ ರೀಪರ್‌ಗೆ. 60 ದಿನ ಬಳಸಿ ನೋಡಿ ಆಮೇಲೆ ಹಣ ಕೊಡಬಹುದು, ಹಳೆಯ ಲ್ಯಾಪ್‌ಟಾಪಿಗೂ ಭಾರವಾಗದು. ನೋಡಲು ಮಾತ್ರ ಲೆಕ್ಕದ ಪುಸ್ತಕದಂತೆ ಒಣಕಲು! ಕೆಲವು ಇಂಟರ್‌ಫೇಸ್‌ಗಳ ಜೊತೆ ಏಬಲ್‌ಟನ್ ಲೈವ್ ಲೈಟ್ ಬಿಟ್ಟಿಯಾಗಿ ಸಿಗುತ್ತದೆ. ಲೂಪ್ ಕಟ್ಟುವ ಹುಚ್ಚಿದ್ದರೆ ಅದನ್ನೇ ಹಿಡಿಯಿರಿ.

ನುಡಿಸಿದ್ದು ತಡವಾಗಿ ಕೇಳಿಸಿದರೆ ಸಾಫ್ಟ್‌ವೇರನ್ನು ಬೈಯಬೇಡಿ. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ತಯಾರಕರದೇ ಏಸಿಯೋ ಡ್ರೈವರ್ ಹಾಕಿ, ಸದ್ದನ್ನು ತುಸು ಹೊತ್ತು ಕೂಡಿಟ್ಟುಕೊಳ್ಳುವ ಬಫರನ್ನು 128 ಸ್ಯಾಂಪಲ್‌ಗೆ ಇಳಿಸಿ. 48 ಕಿಲೋಹರ್ಟ್ಸ್‌ನಲ್ಲಿ ಅಷ್ಟು ಬಫರ್ ತುಂಬಲು ಮೂರು ಮಿಲಿಸೆಕೆಂಡೂ ಬೇಡ. ಮಧ್ಯೆ ಚಟಪಟ ಸದ್ದು ಬಂದರೆ 256ಕ್ಕೆ ಏರಿಸಿ.